ಮಣ್ಣಿಗೊಂದು ಕೌಂಟರು

ನನಗೆ ನೆಟ್ಟಗೆ ಒಂದು ಮೊಳೆ ಹೊಡೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು 37 ವರ್ಷ ಲೆಡ್ಜರು ಬರೆದು ನಿವೃತ್ತನಾದೆ. ಅಷ್ಟು ವರ್ಷದಲ್ಲಿ ನಾನು ಕೈಯಲ್ಲಿ ಹಿಡಿದ ಅತಿ ಭಾರದ ಹತ್ಯಾರು ಎಂದರೆ ರಬ್ಬರ್ ಸ್ಟ್ಯಾಂಪು. ಮನೆಯಲ್ಲಿ ಕ್ಯಾಲೆಂಡರು ತೂಗುಹಾಕಬೇಕಾದರೂ ಮೊಳೆ ಹೊಡೆಯುತ್ತಿದ್ದವಳು ನನ್ನ ಹೆಂಡತಿ. ನಾನು ಕೆಳಗೆ ಸ್ಟೂಲು ಹಿಡಿದುಕೊಳ್ಳುತ್ತಿದ್ದೆ.

ಮೈಸೂರಿನ ನಮ್ಮ ಮನೆಯ ಹಿತ್ತಲು ಕೂಡ ಅವಳದೇ ರಾಜ್ಯ. ಬೆಳಗ್ಗೆ ಕಾಫಿ ಆದ ಮೇಲೆ ಒಂದು ಗಂಟೆ ಅವಳು ಅಲ್ಲಿರುತ್ತಿದ್ದಳು. ದಂಟು, ಮೆಂತ್ಯ, ಕೊತ್ತಂಬರಿ, ಮೆಣಸಿನಕಾಯಿ, ಬೇಲಿಗೆ ಹಬ್ಬಿದ ಬಸಳೆ. ಎಲ್ಲಕ್ಕಿಂತ ಹೆಚ್ಚಾಗಿ ಈರನಗೆರೆ ಬದನೆ. ಅದರ ವಾಂಗಿಬಾತ್ ತಿಂದವರು ಬೇರೆ ಬದನೆಯನ್ನು ಒಪ್ಪುವುದು ಕಷ್ಟ. ಪ್ರತಿ ವರ್ಷ ಒಂದು ಒಳ್ಳೆಯ ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೊಳೆದು ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಹಳೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಇಡುತ್ತಿದ್ದಳು. ನಾನು ಆ ಗಂಟೆಯಲ್ಲಿ ಪೇಪರು ಓದುತ್ತಿದ್ದೆ. ಹಿತ್ತಲಿಗೆ ನಾನು ಹೋಗುತ್ತಿದ್ದುದು ಬಟ್ಟೆ ಒಣಗಿದೆಯೇ ಎಂದು ನೋಡಲು ಮಾತ್ರ.

ಎರಡು ವರ್ಷದ ಹಿಂದೆ ಅವಳ ಮಂಡಿ ಕೈಕೊಟ್ಟಿತು. ಡಾಕ್ಟರು, "ಕುಕ್ಕರಗಾಲಲ್ಲಿ ಕೂರೋದು, ನೆಲದ ಮೇಲೆ ಕೂತು ಏಳೋದು ಇನ್ನು ಬಿಟ್ಟುಬಿಡಿ ಅಮ್ಮ" ಎಂದರು. ಅವಳು ತಲೆಯಾಡಿಸಿ ಬಂದಳು. ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಹಿತ್ತಲಲ್ಲಿ ಪಾರ್ಥೇನಿಯಂ ಎದ್ದು ನಿಂತಿತು. ಮೊದಮೊದಲು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದವಳು ಕ್ರಮೇಣ ಹಿಂಬಾಗಿಲು ತೆಗೆಯುವುದನ್ನೇ ನಿಲ್ಲಿಸಿದಳು. ಒಂದು ದಿನ ನಾನು ನೋಡುತ್ತಿದ್ದಂತೆ ಆ ಬೀಜದ ಡಬ್ಬಿಯನ್ನು ಕೆಲಸಕ್ಕೆ ಬರುವಾಕೆಯ ಕೈಗಿಟ್ಟು, "ಊರಿಗೆ ತಗೊಂಡು ಹೋಗಮ್ಮ, ಇಲ್ಲಿ ಹುಳ ಬೀಳುತ್ತೆ" ಎಂದಳು.

ನನಗೆ ಎದೆ ಧಸಕ್ಕೆಂದಿತು. ಬ್ಯಾಂಕಿನಲ್ಲಿ ಖಾತೆ ಮುಚ್ಚಿಸಲು ಬರುವವರ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಅಂದು ಅವಳ ಮುಖ ಹಾಗೇ ಇತ್ತು.

ಅಂದು ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಹಳೆಯ ಕೌಂಟರು ನೆನಪಾಯಿತು. ದಿನವಿಡೀ ಜನ ಬಂದರೂ ನಾನು ಒಂದು ದಿನವೂ ನೆಲಕ್ಕೆ ಬಗ್ಗಿ ಕೆಲಸ ಮಾಡಿದವನಲ್ಲ. ಕೆಲಸವೇ ನನ್ನ ಕೈಯ ಎತ್ತರಕ್ಕೆ ಬರುತ್ತಿತ್ತು. ಇವಳು ಮಣ್ಣಿನ ಹತ್ತಿರ ಬಗ್ಗಲಾರಳು, ಸರಿ. ಮಣ್ಣನ್ನೇ ಇವಳ ಹತ್ತಿರ ಎತ್ತಿ ಇಟ್ಟರೆ? ತಳವಿಲ್ಲದ ಒಂದು ಮರದ ಪೆಟ್ಟಿಗೆ, ಅದರ ತುಂಬ ಮಣ್ಣು, ಪಕ್ಕದಲ್ಲೊಂದು ಕುರ್ಚಿ. ಎತ್ತರಿಸಿದ ಮಡಿ. ಅಷ್ಟೇ ತಾನೆ!

ಬೆಳಗ್ಗೆ ಕಾರಣ ಹೇಳದೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಟೇಪು ಹಿಡಿದು, "ಕೈ ಚಾಚು ನೋಡೋಣ" ಎಂದೆ.

"ಏನ್ರೀ, ಬಳೆ ಮಾಡಿಸ್ತೀರಾ?" ಎಂದಳು.

ಮುಂದಕ್ಕೆ ಬಾಗದೆ ಅವಳ ಕೈ ಮಡಿಯೊಳಗೆ ಒಂದೂವರೆ ಅಡಿ ತಲುಪುತ್ತಿತ್ತು. ಎರಡೂ ಕಡೆಯಿಂದ ಕುಳಿತು ಕೆಲಸ ಮಾಡುವುದಾದರೆ ಅಗಲ 3 ಅಡಿ ಇರಬಹುದು. ಎತ್ತರ ಕುರ್ಚಿಯ ಸೀಟಿನಷ್ಟು, 18 ಇಂಚು. ಉದ್ದ 6 ಅಡಿ. ಮನೆಯಲ್ಲಿ ಇಂಥದ್ದು ಮಾಡುವ ಯೋಚನೆಯಿದ್ದರೆ ಪುಸ್ತಕದ ಅಳತೆ ನೋಡಬೇಡಿ, ಕೆಲಸ ಮಾಡುವವರ ಕೈ ಅಳೆಯಿರಿ.

ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಪುಟ್ಟಿ ಬಂದಳು. ಎಂಟನೇ ಕ್ಲಾಸು. ಅವಳನ್ನೇ ಸಹಾಯಕ್ಕೆ ಹಿಡಿದೆ. ಸಾಮಿಲ್‌ನಲ್ಲಿ ಸಿಲ್ವರ್ ಓಕ್ ಹಲಗೆ ಅಗ್ಗಕ್ಕೆ ಸಿಕ್ಕಿತು. 9 ಇಂಚು ಅಗಲ, 1 ಇಂಚು ದಪ್ಪ. ಎರಡು ಹಲಗೆ ಒಂದರ ಮೇಲೊಂದು ನಿಲ್ಲಿಸಿದರೆ 18 ಇಂಚು. ಉದ್ದದ ಬದಿಗೆ 72 ಇಂಚಿನವು ನಾಲ್ಕು, ಅಗಲದ ಬದಿಗೆ 36 ಇಂಚಿನವು ನಾಲ್ಕು. ಚೀಟಿ ಬರೆದುಕೊಟ್ಟು ಬಂದೆ. ಸಂಜೆ ಆಟೋದಲ್ಲಿ ಬಂದ ಹಲಗೆಗಳನ್ನು ಅಳೆದರೆ ಚಿಕ್ಕವು 63 ಇಂಚು!

ಸಾಮಿಲ್‌ನವರ ಮೇಲೆ ರೇಗಲು ಹೊರಟವನು ಚೀಟಿ ನೋಡಿ ತೆಪ್ಪಗಾದೆ. ಬರೆದವನು ನಾನೇ.

ಮಕ್ಕಳೇ, ಇಲ್ಲಿ ನಿಮಗೊಂದು ಬ್ಯಾಂಕಿನ ಗುಟ್ಟು ಹೇಳುತ್ತೇನೆ. ಕಂಪ್ಯೂಟರು ಇಲ್ಲದ ಕಾಲದಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ನಿಶ್ಶೇಷವಾಗಿ ಭಾಗವಾದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು ಎಂದು ಅನುಮಾನ. 63ರಲ್ಲಿ 36 ಕಳೆದರೆ 27. ಅದನ್ನು 9ರಿಂದ ಭಾಗಿಸಿದರೆ 3. ಆ ಎರಡು ಅಂಕಿಗಳ ವ್ಯತ್ಯಾಸವೂ 3! ಯಾವ ಎರಡಂಕಿಯ ಸಂಖ್ಯೆಯನ್ನಾದರೂ ತಿರುಗಿಸಿ ಬರೆದು ನೋಡಿ, ಹೀಗೇ ಬರುತ್ತದೆ. ಪುಟ್ಟಿ ಅರ್ಧ ಗಂಟೆ ನೋಟ್‌ಬುಕ್ ತುಂಬ ಪರೀಕ್ಷೆ ಮಾಡಿ, "ತಾತ, ನೀವು ತಪ್ಪು ಮಾಡಿದ್ದೇ ಒಳ್ಳೇದಾಯ್ತು" ಎಂದಳು. ಹೆಚ್ಚಾದ 27 ಇಂಚನ್ನು ಗರಗಸದಿಂದ ಕೊಯ್ಯಲು ನನಗೆ ಎರಡು ದಿನ ಹಿಡಿಯಿತು.

ನಾಲ್ಕು ಮೂಲೆಯಲ್ಲೂ ಹಲಗೆಗೆ ಹಲಗೆ ಕೂಡಿಸಿ ಮೂರಿಂಚಿನ ಮೊಳೆ ಹೊಡೆದೆ. ಕೆಲವು ಹಲಗೆಗೆ ಬಿದ್ದವು, ಕೆಲವು ನನ್ನ ಹೆಬ್ಬೆರಳಿಗೆ. ಪೆಟ್ಟಿಗೆ ನಿಂತಿತು, ಆದರೆ ಯಾಕೋ ಸೊಟ್ಟಗೆ ಕಂಡಿತು. ಪುಟ್ಟಿ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದಳು. ಒಂದು ಕರ್ಣ 79 ಇಂಚು, ಇನ್ನೊಂದು 82. "ಆಯತ ಆದ್ರೆ ಎರಡೂ ಕರ್ಣ ಸಮ ಇರ್ಬೇಕು ತಾತ" ಎಂದು 72ರ ವರ್ಗ, 36ರ ವರ್ಗ ಕೂಡಿಸಿ ವರ್ಗಮೂಲ ತೆಗೆದು, "ಎಂಬತ್ತೂವರೆ ಬರ್ಬೇಕು" ಎಂದಳು. ಉದ್ದದ ಮೂಲೆಗಳನ್ನು ಹಿಡಿದು ಒಳಕ್ಕೆ ಒತ್ತಿದೆವು. ಎರಡೂ ಎಂಬತ್ತೂವರೆಗೆ ಬಂದು ನಿಂತವು. ಮೂಲೆಮಟ್ಟ ಮನೆಯಲ್ಲಿ ಇಲ್ಲದಿದ್ದರೂ ಟೇಪು ಸಾಕು ಎಂದು ಅಂದು ಕಲಿತೆ.

ಕೂಲಿಯವರನ್ನು ಕರೆಸಿ ಮಣ್ಣು ತುಂಬಿಸಿದೆ. ತಳಕ್ಕೆ ತೆಂಗಿನಸಿಪ್ಪೆ, ಒಣಗಿದೆಲೆ. ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಹಿಂಬಾಗಿಲು ತೆಗೆದು ಹೆಂಡತಿಯನ್ನು ಕರೆದೆ. ನೋಡಿದಳು, ಹಲಗೆಯ ಮೇಲೆ ಕೈಯಾಡಿಸಿದಳು. "ನೀವೇ ಮಾಡಿದ್ರಾ?" ಎಂದು ಎರಡು ಸಲ ಕೇಳಿದಳು. ಬಹಳ ದಿನದ ಮೇಲೆ ಅಂದು ರಾತ್ರಿ ಊಟದ ಹೊತ್ತಿಗೆ ಏನೇನು ಬಿತ್ತಬೇಕು ಎಂದು ಮಾತು ಶುರುಮಾಡಿದಳು.

ಮೇ ಮೊದಲ ವಾರ ಭರಣಿ ಮಳೆ ಬಂತು. ಒಂದೇ ರಾತ್ರಿ, ಹುಯ್ದೇ ಹುಯ್ದಿತು. ಬೆಳಗ್ಗೆ ನೋಡಿದರೆ ಉದ್ದದ ಹಲಗೆ ಬಿಲ್ಲಿನಂತೆ ಬಾಗಿ, ಒಂದು ಮೂಲೆ ಬಾಯಿಬಿಟ್ಟು, ಮಣ್ಣೆಲ್ಲ ಹಿತ್ತಲಿಗೆ ಹರಿದಿತ್ತು. ಮೊಳೆಗಳು ಹಲ್ಲಿನ ಹಾಗೆ ಹೊರಗೆ ಚಾಚಿಕೊಂಡಿದ್ದವು.

"ಹೋಗ್ಲಿ ಬಿಡಿ. ನನಗೇನೂ ಬೇಡ ಇದೆಲ್ಲ. ತಳ್ಳುಗಾಡಿಯಲ್ಲಿ ಬೇಕಾದಷ್ಟು ಸೊಪ್ಪು ಬರುತ್ತೆ" ಎಂದು ಹೆಂಡತಿ ಒಳಗೆ ಹೋದಳು. ಬಾಗಿಲ ಚಿಲಕ ಹಾಕಿದ ಸದ್ದು ಕೇಳಿಸಿತು. ಬಿದ್ದ ಪೆಟ್ಟಿಗೆಗಿಂತ ಆ ಸದ್ದು ನನಗೆ ಹೆಚ್ಚು ನೋಯಿಸಿತು. ಆಸೆ ಬಿಟ್ಟವಳಿಗೆ ಆಸೆ ಹುಟ್ಟಿಸಿ ಮತ್ತೆ ಕೆಡವಿದ ಹಾಗಾಗಿತ್ತು.

ನಮ್ಮ ಬೀದಿಯ ಕೊನೆಯಲ್ಲೇ ಒಬ್ಬರು ವಯಸ್ಸಾದ ಆಚಾರ್ರಿದ್ದಾರೆ. ಐವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಅವರನ್ನು ಮೊದಲೇ ಕೇಳಬಹುದಿತ್ತು. ಕೇಳಲಿಲ್ಲ. ನಾನು ಬಿ.ಕಾಂ., ಒಂದು ಪೆಟ್ಟಿಗೆ ಮಾಡಲಾರೆನೇ ಎಂಬ ಜಂಬ. ಈಗ ಪುಟ್ಟಿಯೇ ನನಗೆ ಹೇಳದೆ ಓಡಿಹೋಗಿ ಅವರನ್ನು ಕರೆತಂದಳು. ನಾನು ಮುಖ ಮರೆಸಿಕೊಂಡು ಮಣ್ಣು ಬಳಿಯುತ್ತಿದ್ದೆ.

"ನನ್ನನ್ನ ಯಾಕೆ ಕರೀಲಿಲ್ಲ ಸಾರ್?" ಎಂದರು. ನಾನು ಏನೋ ತೊದಲಿದೆ. ಅವರು ನಕ್ಕರು. "ಚಲನ್ ಬರೆಸೋಕೆ ನಾನು ಎಷ್ಟು ವರ್ಷ ನಿಮ್ಮ ಕೌಂಟ್ರಿಗೆ ಬಂದಿದ್ದೀನಿ. ನಾನೇನು ನಾಚಿಕೆ ಪಟ್ಕೊಂಡ್ನಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಚಲನ್‌ಗಳನ್ನು ಬರೆಯುವಾಗ ನನ್ನೊಳಗೆ ಸ್ವಲ್ಪ ದೊಡ್ಡತನ ಇದ್ದದ್ದು ನೆನಪಾಗಿ ತಲೆ ತಗ್ಗಿಸಿದೆ.

ಆಚಾರ್ರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು ಎರಡು ತಪ್ಪು ತೋರಿಸಿದರು. ಮೊದಲನೆಯದು, ನಾನು ಮೊಳೆ ಹೊಡೆದದ್ದು ಹಲಗೆಯ ತುದಿಗೆ. ಮರದ ನಾರಿನ ಜೊತೆಜೊತೆಗೇ ಇಳಿದ ಮೊಳೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಎಳೆದರೆ ಜಾರಿ ಬರುತ್ತದೆ. ನಾರಿಗೆ ಅಡ್ಡಲಾಗಿ ಹೋಗಬೇಕು. ಎರಡನೆಯದು, ನಾನು ಮಣ್ಣಿನ ಭಾರವನ್ನೇ ಲೆಕ್ಕ ಹಾಕಿರಲಿಲ್ಲ. 6, 3, ಒಂದೂವರೆ ಗುಣಿಸಿದರೆ 27 ಘನ ಅಡಿ. ಒದ್ದೆ ಮಣ್ಣು ಘನ ಅಡಿಗೆ 40 ಕಿಲೋ ಎಂದರೂ 1,080 ಕಿಲೋ, ಅಂದರೆ ಒಂದು ಟನ್ನಿಗೂ ಮೇಲೆ! ಆರಡಿ ಉದ್ದದ ಹಲಗೆಗೆ ನಡುವೆ ಆಸರೆಯೇ ಇಲ್ಲ. ಬಾಗದೆ ಏನು ಮಾಡೀತು?

"ಮಣ್ಣು ಹೊರಕ್ಕೆ ತಳ್ಳುತ್ತೆ ಸಾರ್. ಅದಕ್ಕೆ ಗೂಟ ಹೊರಗಡೆ ನಿಲ್ಲಿಸಿ, ಹಲಗೆ ಒಳಗಡೆ ಇರಲಿ. ಆಗ ಮಣ್ಣು ತಳ್ಳಿದಷ್ಟೂ ಹಲಗೆ ಗೂಟಕ್ಕೇ ಒತ್ಕೊಳ್ಳುತ್ತೆ. ಯಾವ ಕಡೆಯಿಂದ ಭಾರ ಬರುತ್ತೋ ಅದರ ಎದುರಿಗೆ ಆಸರೆ ಕೊಡ್ಬೇಕು" ಎಂದರು.

ಅವರು ಸ್ಟೂಲಿನ ಮೇಲೆ ಕುಳಿತು ಹೇಳಿದರು, ನಾವು ಮಾಡಿದೆವು. ಎರಡಿಂಚು ಚೌಕದ, 30 ಇಂಚು ಉದ್ದದ ಹತ್ತು ಗೂಟ. ಮೂಲೆಗೆ ಎರಡೆರಡು, ಉದ್ದದ ಬದಿಗಳ ನಡುವೆ ಒಂದೊಂದು. ಒಂದಡಿ ನೆಲದೊಳಗೆ, ಒಂದೂವರೆ ಅಡಿ ಮೇಲೆ. ನೆಲಕ್ಕೆ ಹೋಗುವ ತುದಿಯನ್ನು ಬೆಂಕಿಯಲ್ಲಿ ಕಪ್ಪಾಗುವಷ್ಟು ಸುಟ್ಟುಕೊಂಡೆವು. ಬೇಲಿಗೂಟಕ್ಕೆ ರೈತರು ಹಿಂದಿನಿಂದ ಮಾಡುವ ಉಪಾಯ ಅದು. ಮೊಳೆ ಬಿಟ್ಟು ಎರಡಿಂಚಿನ ಸ್ಕ್ರೂ ಹಾಕಿದೆವು. ಮೊದಲು ಸಣ್ಣ ತೂತು ಕೊರೆದು, ಸ್ಕ್ರೂಗೆ ಸ್ವಲ್ಪ ಸಾಬೂನು ಸವರಿದರೆ ಎಂಟನೇ ಕ್ಲಾಸಿನ ಹುಡುಗಿಯೂ ತಿರುಗಿಸಬಹುದು. ನಡುವಿನ ಎರಡು ಗೂಟಗಳ ತಲೆಗೆ ಅಡ್ಡಲಾಗಿ ಜಿಐ ತಂತಿ ಬಿಗಿದೆವು. ಹಲಗೆ ಬೇಗ ಕೊಳೆಯದಿರಲಿ ಎಂದು ಒಳಬದಿಗೆ ಹಳೆಯ ಪ್ಲಾಸ್ಟಿಕ್ ಚೀಲ ಬಿಚ್ಚಿ ಹೊದಿಸಿದೆವು. ತಳಕ್ಕೆ ಹಾಕಲಿಲ್ಲ, ನೀರು ಇಳಿಯಬೇಕಲ್ಲ. ಉಳಿದಿದ್ದ 27 ಇಂಚಿನ ತುಂಡೊಂದನ್ನು ಒಂದು ಬದಿಯ ಮೇಲೆ ಕೂರಿಸಿದಾಗ ಮೊಣಕೈ ಊರಲು, ಕುಡುಗೋಲು ಇಡಲು ಜಾಗವಾಯಿತು.

"ಎಷ್ಟು ವರ್ಷ ಬರುತ್ತೆ ಆಚಾರ್ರೇ?" ಎಂದು ಕೇಳಿದೆ.

"ಸಿಲ್ವರ್ ಓಕು ಸಾರ್, ಗೆದ್ದಲು ಬಿಟ್ರೆ ಮೂರ್ನಾಕು ವರ್ಷ. ಆಮೇಲೆ ಹಲಗೆ ಬದಲಾಯಿಸ್ಬೇಕು. ಅಷ್ಟೊತ್ತಿಗೆ ಈ ಮಗೂಗೆ ಎಲ್ಲಾ ಬಂದಿರುತ್ತೆ."

ಮತ್ತೆ ಮಣ್ಣು ತುಂಬಿ ಒಂದು ವಾರ ಕಾದೆವು. ಎರಡು ಮಳೆ ಬಂತು. ಮಣ್ಣು ಎರಡಿಂಚು ಇಳಿಯಿತು, ಹಲಗೆ ಕದಲಲಿಲ್ಲ. ನಾನು ಹೆಂಡತಿಯನ್ನು ಕರೆಯಲಿಲ್ಲ. ಕರೆಯಲು ಧೈರ್ಯವಿರಲಿಲ್ಲ. ಒಂದು ಬೆಳಗ್ಗೆ ಪೇಪರು ಓದುತ್ತಿದ್ದಾಗ ಹಿಂಬಾಗಿಲ ಚಿಲಕ ತೆಗೆದ ಸದ್ದು ಕೇಳಿತು. ಇಣುಕಿದರೆ ಅವಳು ಕುರ್ಚಿಯಲ್ಲಿ ಕುಳಿತು ಮಣ್ಣಿನ ಹೆಂಟೆ ಪುಡಿ ಮಾಡುತ್ತಿದ್ದಳು. ಪುಟ್ಟಿ ಅಜ್ಜಿ ಹೇಳಿದಂತೆ ಕೊತ್ತಂಬರಿ ಬೀಜವನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡುತ್ತಿದ್ದಳು. ಮೆಂತ್ಯ ನಾಲ್ಕೇ ದಿನದಲ್ಲಿ ತಲೆಯೆತ್ತಿತು. ಕೊತ್ತಂಬರಿ ಹತ್ತು ದಿನ ಕಾಯಿಸಿತು. ಅಷ್ಟರಲ್ಲಿ ರಜೆ ಮುಗಿದು ಪುಟ್ಟಿ ಊರಿಗೆ ಹೋದಳು.

ಜೂನ್ ಮೊದಲ ವಾರ ಕೆಲಸಕ್ಕೆ ಬರುವಾಕೆ ಮಡಿಯನ್ನು ನೋಡಿ ಏನೂ ಹೇಳದೆ ಹೋದಳು. ಮರುದಿನ ಸೆರಗಿನಿಂದ ಅದೇ ಬೋರ್ನ್‌ವಿಟಾ ಡಬ್ಬಿ ತೆಗೆದು ಹೆಂಡತಿಯ ಮುಂದಿಟ್ಟಳು. "ಊರಲ್ಲಿ ಒಂದಿಷ್ಟು ಹಾಕಿದ್ವಿ ಅಮ್ಮ. ಚೆನ್ನಾಗಿ ಬಂತು. ಹೊಸ ಬೀಜ ತೆಗೆದಿಟ್ಟಿದ್ದೆ. ನೀವು ಒಂದಲ್ಲ ಒಂದಿನ ಕೇಳ್ತೀರ ಅಂತ ಗೊತ್ತಿತ್ತು."

ಅವಳಿಗೆ ಗೊತ್ತಿತ್ತು. ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದ ನನಗೆ ಗೊತ್ತಾಗಲು ಇಷ್ಟು ದಿನ ಬೇಕಾಯಿತು.

ಈಗ ನಾನು ಪೇಪರನ್ನು ಹಿತ್ತಲಲ್ಲೇ ಓದುತ್ತೇನೆ. ಮಡಿಯ ಈ ಬದಿಗೆ ನನ್ನ ಕುರ್ಚಿ, ಆ ಬದಿಗೆ ಅವಳದು. ಜುಲೈನಲ್ಲಿ ಸಸಿ ಕಿತ್ತು ನೆಟ್ಟ ಬದನೆ ದಸರಾ ಹೊತ್ತಿಗೆ ಕಾಯಿ ಬಿಟ್ಟಿತು. ಪುಟ್ಟಿ ರಜೆಗೆ ಬಂದ ದಿನ ವಾಂಗಿಬಾತ್. ಆಚಾರ್ರನ್ನೂ ಊಟಕ್ಕೆ ಕರೆದಿದ್ದೆವು. ಅವರು ಕೈ ತೊಳೆದವರೇ ಸೀದಾ ಹಿತ್ತಲಿಗೆ ಹೋಗಿ ಗೂಟವನ್ನು ಹಿಡಿದು ಅಲ್ಲಾಡಿಸಿ ನೋಡಿ, ತಲೆಯಾಡಿಸಿ ಬಂದು ಎಲೆಯ ಮುಂದೆ ಕುಳಿತರು.

ಒಂದು ಕಾಯಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಗುರುತಿಗೆ ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದಾಳೆ. ಅದು ಹಣ್ಣಾಗಬೇಕು, ಡಬ್ಬಿಗೆ ಬೀಜವಾಗಬೇಕು.