ಹೆಜ್ಜೆ ಇಟ್ಟಲ್ಲಿ ಹುಟ್ಟುವ ನೆಲ

ಮೈನ್‌ಕ್ರಾಫ್ಟ್ ಎಂಬ ದೇಶದಲ್ಲಿ ಯಾರೂ ನೋಡದ ನೆಲ ಇನ್ನೂ ಹುಟ್ಟಿರುವುದಿಲ್ಲ. ನೀವು ನಡೆದಂತೆ ಹದಿನಾರು ಬ್ಲಾಕ್ ಉದ್ದ, ಹದಿನಾರು ಬ್ಲಾಕ್ ಅಗಲದ ತುಂಡುಗಳಾಗಿ ಅದು ಎದುರಿಗೆ ಮೂಡುತ್ತ ಹೋಗುತ್ತದೆ. ಆಡುವವರು ಈ ತುಂಡನ್ನು ಚಂಕ್ ಅನ್ನುತ್ತಾರೆ. ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಒಮ್ಮೆ ಮೂಡಿದ ಬೆಟ್ಟ, ಹೊಳೆ, ಕಾಡು ಕಂಪ್ಯೂಟರಿನಲ್ಲಿ ದಾಖಲಾಗಿ ಅಲ್ಲೇ ಉಳಿಯುತ್ತವೆ. ನಾವು ಹೋಗದೇ ಬಿಟ್ಟ ದಿಕ್ಕುಗಳು ಮಾತ್ರ ಸೀಡ್ ಎಂಬ ಒಂದೇ ಒಂದು ಸಂಖ್ಯೆಯೊಳಗೆ ಮಲಗಿರುತ್ತವೆ. ಈ ದೇಶದ ಒಂದು ಅಂಚಿನಿಂದ ಇನ್ನೊಂದಕ್ಕೆ ಆರು ಕೋಟಿ ಬ್ಲಾಕ್, ಅಂದರೆ 60,000 ಕಿಲೋಮೀಟರ್. ಭೂಮಿಯ ಸುತ್ತಳತೆಯೇ 40,000! ಲೆಕ್ಕ ಹಾಕಿದರೆ ನಮ್ಮ ಭೂಮಿಯ ಮೇಲ್ಮೈಯ ಸುಮಾರು ಏಳು ಪಟ್ಟು. ಇದನ್ನು ಮಕ್ಕಳಾಟ ಎಂದು ತಳ್ಳಿಹಾಕುವವರ ಜತೆ ನಾನು ವಾದಕ್ಕೆ ಹೋಗುವುದಿಲ್ಲ. ಅವರಿನ್ನೂ ಅಲ್ಲಿನ ಸೂರ್ಯೋದಯ ನೋಡಿಲ್ಲ, ಅಷ್ಟೆ.

ಹೀಗಿರುವುದರಿಂದಲೇ ಇಲ್ಲಿಗೆ ಬರುವ ಅಪ್‌ಡೇಟ್ ಫೋನಿನ ಆ್ಯಪ್‌ಗೆ ಬರುವ ಅಪ್‌ಡೇಟ್‌ನಂತಲ್ಲ. ನೆಲ ಹುಟ್ಟುವ ಕಾನೂನೇ ಬದಲಾಗಿಬಿಡಬಹುದು. ಆಗಲೇ ಹುಟ್ಟಿದ ನೆಲ ಹಳೇ ಕಾನೂನಿನಲ್ಲೇ ಉಳಿಯುತ್ತದೆ, ಇನ್ನು ಹುಟ್ಟಬೇಕಾದದ್ದು ಹೊಸದಕ್ಕೆ ಒಳಪಡುತ್ತದೆ. 2009ರ ಮೇ 17ರಂದು ಸ್ವೀಡನ್ನಿನ ಮಾರ್ಕಸ್ ಪೆರ್ಸನ್ ಈ ಆಟವನ್ನು ಮೊದಲ ಸಲ ಜನರ ಮುಂದಿಟ್ಟರು. ಅಂದಿನಿಂದ ಈ ಕಾನೂನು ಎಷ್ಟೋ ಸಲ ತಿದ್ದುಪಡಿಯಾಗಿದೆ. ಹಾಗಾಗಿ ಹಳೆಯ ವರ್ಲ್ಡ್ ಒಂದನ್ನು ಅಳಿಸದೆ ಕಾಪಾಡಿಕೊಂಡು ಬಂದವರು ಅದರೊಳಗೆ ನಡೆದರೆ ಕಾಲದೊಳಗೇ ನಡೆದಂತಾಗುತ್ತದೆ.

ನನ್ನ ಬಳಿ ಅಂಥದ್ದೊಂದಿದೆ. 2011ರ ಬೇಸಿಗೆಯದ್ದು, ಬೀಟಾ ಕಾಲದ್ದು, ಅಂದರೆ ಆಟ ಇನ್ನೂ ಪೂರ್ತಿಯಾಗದ ಕಾಲದ್ದು. ನಡುವಿನಲ್ಲಿ ಹಳೇ ಮನೆ, ಅದರ ಸುತ್ತ ಅಂದಿನ ನೆಲ. ಆ ನೆಲಕ್ಕೆ ಒಂದು ಹುಚ್ಚುತನವಿತ್ತು. ಗುಡ್ಡದ ಹೆಗಲಿನಿಂದ ಆಸರೆಯೇ ಇಲ್ಲದೆ ಹೊರಚಾಚಿದ ಬಂಡೆಗಳು, ಗಾಳಿಯಲ್ಲಿ ತೇಲುವ ಒಂದು ಹಿಡಿ ಹುಲ್ಲುನೆಲ, ಅದರ ಮೇಲೊಂದು ಮರ. ಕುದುರೆ ಏರಿ ಪೂರ್ವಕ್ಕೆ ಹೊರಟರೆ ಈ ಹುಚ್ಚು ಭೂಮಿ ಒಂದು ಕಡೆ ಫಕ್ಕನೆ ನಿಂತುಬಿಡುತ್ತದೆ. ಅಲ್ಲೊಂದು ಗೋಡೆ.

ಗೋಡೆಯನ್ನು ಯಾರೂ ಕಟ್ಟಿದ್ದಲ್ಲ. 2011ರ ಸೆಪ್ಟೆಂಬರಿನಲ್ಲಿ ಬೀಟಾ 1.8 ಬಂದಾಗ ಹಳೇ ನೆಲ ಹೊಸ ನೆಲದೊಂದಿಗೆ ಹೊಂದಿಕೊಳ್ಳಲಾರದೆ ಅಲ್ಲಿ ಬಿರಿಯಿತು. ಈ ಕಡೆ ಗುಡ್ಡ, ಆ ಕಡೆ ಸಮುದ್ರ. ಗುಡ್ಡದ ಕೊಯ್ದ ಮೈ ಕತ್ತರಿಸಿದ ಮೈಸೂರು ಪಾಕಿನ ಅಂಚಿನಷ್ಟು ನೇರವಾಗಿದೆ, ಒಳಗಿನ ತೂತುಗಳೂ ಹಾಗೇ ಕಾಣುತ್ತವೆ: ಅರ್ಧಕ್ಕೆ ತುಂಡಾದ ಗುಹೆಗಳು, ನಡುವೆ ನಿಂತ ಕಲ್ಲಿದ್ದಲಿನ ಎಳೆ. ಇನ್ನಷ್ಟು ದೂರ ಹೋದರೆ, ಬೀಟಾ ಮುಗಿದ ಮೇಲೆ 2013ರ ಅಕ್ಟೋಬರಿನಲ್ಲಿ ಬಂದ 1.7ರ ಗೋಡೆ. ಅಲ್ಲಿ ಕಂಡದ್ದನ್ನು ಮಾತ್ರ ನಾನು ಮರೆಯುವುದಿಲ್ಲ. ಎತ್ತರದಲ್ಲಿದ್ದ ಕೆರೆಯೊಂದು ಅಂಚಿಗೆ ಬಂದು ನೀರಿನ ಗೋಡೆಯಾಗಿ ನಿಂತಿತ್ತು. ಕೆಳಗೆ ಕೆಂಪು ಮಣ್ಣಿನ ಮೇಸಾ ಬಯಲು. ಒಂದು ಹನಿಯೂ ಬೀಳುತ್ತಿಲ್ಲ. ಈ ಆಟದಲ್ಲಿ ಪಕ್ಕದ ಬ್ಲಾಕ್ ಅಲುಗಾಡುವವರೆಗೆ ನೀರಿಗೆ ತಾನು ಹರಿಯಬೇಕೆಂಬ ಸುದ್ದಿಯೇ ಮುಟ್ಟುವುದಿಲ್ಲ. ಗುದ್ದಲಿಯಿಂದ ಅಂಚಿನ ಒಂದು ಬ್ಲಾಕ್ ಕಿತ್ತೆ. ವರ್ಷಗಟ್ಟಲೆ ನಿಂತಿದ್ದ ನೀರು ಅಷ್ಟಗಲ ಮಾತ್ರ ಕೆಳಗಿಳಿಯಿತು. ಉಳಿದದ್ದು ಇನ್ನೂ ನಿಂತೇ ಇದೆ. ಇನ್ನೊಂದು ಬ್ಲಾಕ್ ಕೀಳಲು ಮನಸ್ಸಾಗಲಿಲ್ಲ.

ಆಡುಗರಲ್ಲಿ ಬಹಳ ಮಂದಿಗೆ ಈ ಗೋಡೆಗಳು ಕಣ್ಣಿಗೆ ಚುಚ್ಚುವ ಕೊಳಕು. ಮಣ್ಣು ತುಂಬಿ, ಮರ ನೆಟ್ಟು ಮುಚ್ಚುತ್ತಾರೆ. ನನಗಾದರೋ ಇವು ಆ ದೇಶದ ಶಾಸನಗಳು. ಮುಂದೆ ಆಟ ತಯಾರಿಸುವ ಮೊಜಾಂಗ್ ಕಂಪನಿಯವರೇ ಇದಕ್ಕೊಂದು ದಾರಿ ಹುಡುಕಿದರು. 2021ರ ನವೆಂಬರ್ 30ರಂದು ಬಂದ 1.18ರಲ್ಲಿ ಹಳೇ ನೆಲದ ಅಂಚು ಎಲ್ಲಿದೆ ಎಂದು ನೋಡಿಕೊಂಡು ಹೊಸ ನೆಲ ಮೆಲ್ಲಗೆ ಇಳಿಜಾರಾಗಿ ಬಂದು ಸೇರಿಕೊಳ್ಳುತ್ತದೆ. ನನ್ನ ವರ್ಲ್ಡ್‌ನಲ್ಲಿ ಆ ಗಡಿ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ತಲೆ ಎತ್ತಿದಾಗ ಎದುರಿಗೆ ಹಿಮ ಹೊತ್ತ ಪರ್ವತ, ಅದರ ಹಿಂದೆ ಇನ್ನೊಂದು.

ಇಷ್ಟು ವರ್ಷಗಳಲ್ಲಿ ಬಂದ ಅಪ್‌ಡೇಟ್‌ಗಳಲ್ಲಿ ನನ್ನ ಓಟು ಕಣ್ಣು ಮುಚ್ಚಿಕೊಂಡು 1.18ಕ್ಕೆ. ಅದಕ್ಕೂ ಮೊದಲು ಬಯೋಮ್, ಅಂದರೆ ನಾಡಿನ ಬಗೆ, ಹೇಳಿದಂತೆ ನೆಲ ಕೇಳುತ್ತಿತ್ತು: ಕಾಡು ಎಂದರೆ ಇಷ್ಟು ಏರಿಳಿತ, ಮರುಭೂಮಿ ಎಂದರೆ ಇಷ್ಟು. ಹೆನ್ರಿಕ್ ಕ್ನಿಬರ್ಗ್ ಮತ್ತು ಜತೆಗಾರರು ಈ ಕಟ್ಟು ಬಿಚ್ಚಿದರು. ಕಡಲಿನಿಂದ ಎಷ್ಟು ಒಳನಾಡು, ನೆಲ ಎಷ್ಟು ಸವೆದಿದೆ, ಇದು ಶಿಖರವೋ ಕಣಿವೆಯೋ ಎಂಬ ಬೇರೆ ಬೇರೆ ಲೆಕ್ಕಗಳು ಸೇರಿ ನೆಲದ ಆಕಾರವನ್ನು ತೀರ್ಮಾನಿಸುತ್ತವೆ. ಕಾಡು ಈಗ ಬೆಟ್ಟ ಹತ್ತಬಲ್ಲದು. ಈ ಲೆಕ್ಕಗಳ ತಾಯಿಬೇರು ಕೆನ್ ಪರ್ಲಿನ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಸಿನಿಮಾ ಚಿತ್ರಗಳಿಗೆ ಸಹಜ ಒರಟುತನ ಕೊಡಲೆಂದು ಕಂಡುಕೊಂಡ ಗಣಿತ. ಅದಕ್ಕೆ ಅವರಿಗೆ 1997ರಲ್ಲಿ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಸಿಕ್ಕಿತು. ಯಾರೂ ಕೈಯಾರೆ ಮಾಡದ ಕಣಿವೆಯೊಂದರ ಬಾಯಲ್ಲಿ ನಿಂತು ಚಂದ ಚಂದ ಎಂದು ಉದ್ಗರಿಸುವಾಗ ಈ ಹೆಸರು ನನಗೆ ನೆನಪಾಗುತ್ತದೆ.

ಎತ್ತರಕ್ಕಿಂತ ದೊಡ್ಡ ಬೆರಗು ಕೆಳಗಿತ್ತು. ದೇಶದ ಎತ್ತರ ಮೊದಲು 128 ಬ್ಲಾಕ್, 2012ರಲ್ಲಿ 256, ಈಗ 384; ಈ ಸಲ ಹೆಚ್ಚಿದ್ದರಲ್ಲಿ ಅರ್ಧ ನೆಲದಡಿಗೆ. ಹಳೇ ಮನೆಯ ಗಣಿ ತಳದಲ್ಲಿ ಬೆಡ್‌ರಾಕ್ ಇತ್ತು. ಅದು ಒಡೆಯಲಾಗದ ಕಲ್ಲು, ಅದರಾಚೆ ಶೂನ್ಯ. ಅಲ್ಲಿಗೆ ಲೋಕ ಮುಗಿಯಿತು ಎಂದು ಹತ್ತು ವರ್ಷ ನಂಬಿಕೊಂಡಿದ್ದೆವು. ಅಪ್‌ಡೇಟ್ ಆದ ಮೇಲೆ ಇಳಿದು ನೋಡಿದರೆ ಆ ಕಲ್ಲು ಡೀಪ್‌ಸ್ಲೇಟ್ ಎಂಬ ಕಡುಬೂದು ಬಂಡೆಯಾಗಿ ಬದಲಾಗಿದೆ. ಗುದ್ದಲಿ ಹಾಕಿದರೆ ಒಡೆಯುತ್ತದೆ! ಮೂರು ನಾಲ್ಕು ಬ್ಲಾಕ್ ಕೆಳಗೆ ಗುದ್ದಲಿ ಖಾಲಿಗೆ ಹೋಯಿತು. ಪಂಜು ಹಿಡಿದು ಬಗ್ಗಿದೆ. ಬೆಳಕು ಎದುರಿನ ಗೋಡೆ ಮುಟ್ಟದಷ್ಟು ದೊಡ್ಡ ಗುಹೆ. ಅಡುಗೆಮನೆಯ ಕೆಳಗೆ ಇಷ್ಟು ದೊಡ್ಡ ಬಯಲು ಬಂದು ಕೂತಿತ್ತು.

ಹೊಸ ನೆಲದ ಹಿಮಶಿಖರಗಳ ಬುಡದಲ್ಲಿ ಇನ್ನೂ ಆಳಕ್ಕಿಳಿದರೆ, ನಿಮಗೆ ಅದೃಷ್ಟವಿದ್ದರೆ (ಇಲ್ಲದಿದ್ದರೆ ಎಂದೂ ಅನ್ನಬಹುದು), 2022ರಲ್ಲಿ ಬಂದ ಪುರಾತನ ನಗರ ಸಿಗುತ್ತದೆ. ಹಾಳು ಬಿದ್ದ ಕಲ್ಲಿನ ಬೀದಿಗಳು, ಉಣ್ಣೆಯ ಹಾಸು, ನೀಲಿ ದೀಪಗಳು, ನಡುವೆ ಬಾಗಿಲೋ ಏನೋ ತಿಳಿಯದ ಒಂದು ಬೃಹತ್ ಚೌಕಟ್ಟು. ಅದು ಯಾತಕ್ಕೆ ಎಂದು ಆಟದಲ್ಲಿ ಎಲ್ಲೂ ಹೇಳಿಲ್ಲ. ಕಾವಲಿಗೆ ವಾರ್ಡನ್ ಇದ್ದಾನೆ. ಅವನಿಗೆ ಕಣ್ಣಿಲ್ಲ, ಹೆಜ್ಜೆಯ ಅದುರಿಗೆ ಬರುತ್ತಾನೆ. ಬಗ್ಗಿ ನಡೆದರೆ ಸದ್ದಾಗದು, ಉಣ್ಣೆ ಸದ್ದು ನುಂಗುತ್ತದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಸೋದರಳಿಯ ಉಸಿರು ಬಿಗಿಹಿಡಿದು, “ಮಾಮಾ, ಪೆಟ್ಟಿಗೆ ತೆಗೀಬೇಡಿ, ಅದಕ್ಕೂ ಬರ್ತಾನೆ” ಎಂದು ಪಿಸುಗುಟ್ಟಿದ. ಅವನು ಪಿಸುಗುಟ್ಟಿದ್ದು ವಾರ್ಡನ್‌ಗೆ ಕೇಳೀತೆಂದು.

ಅಪ್‌ಡೇಟ್ ಎಂದರೆ ಕೊಡುವುದಷ್ಟೇ ಅಲ್ಲ, ಕಿತ್ತುಕೊಳ್ಳುವುದೂ ಉಂಟು. ಬೀಟಾ 1.8ರವರೆಗೆ ಈ ದೇಶಕ್ಕೆ ಬೇರೆಯದೇ ಒಂದು ಕೊನೆಯಿತ್ತು. ನಡುವಿನಿಂದ 1,25,50,821 ಬ್ಲಾಕ್ ದೂರ ಹೋದರೆ ಲೆಕ್ಕದ ಸಂಖ್ಯೆಗಳು ಕಂಪ್ಯೂಟರಿನ ಅಳತೆ ಮೀರಿ ನೆಲ ತೂತು ತೂತಾದ ಮಹಾಗೋಡೆಯಾಗಿ ಮುಗಿಲು ಮುಟ್ಟುತ್ತಿತ್ತು. ಫಾರ್ ಲ್ಯಾಂಡ್ಸ್ ಎಂದು ಅದಕ್ಕೆ ಹೆಸರು. ಊಟ ನಿದ್ದೆ ಬಿಟ್ಟು ಸತತ ನಡೆದರೂ 33 ದಿನಕ್ಕೂ ಮೀರಿದ ದಾರಿ. ಬೀಟಾ 1.8 ಬಂದದ್ದೇ ಆ ತಪ್ಪು ಸರಿಯಾಗಿ, ಆ ಅದ್ಭುತ ಮಾಯವಾಯಿತು. ಅಮೆರಿಕದ ಕರ್ಟ್ ಜೆ. ಮ್ಯಾಕ್ 2011ರ ಮಾರ್ಚ್‌ನಲ್ಲಿ ಅತ್ತ ಹೆಜ್ಜೆ ಹಾಕಲು ಶುರುಮಾಡಿದವರು, ಅದಕ್ಕಾಗಿಯೇ ಹಳೇ ಆವೃತ್ತಿಯಲ್ಲೇ ಉಳಿದು ವರ್ಷಗಟ್ಟಲೆ ನಡೆದರು; ದಾರಿಯುದ್ದಕ್ಕೂ ಆಸ್ಪತ್ರೆಯಲ್ಲಿರುವ ಮಕ್ಕಳಿಗೆಂದು ದೇಣಿಗೆ ಎತ್ತಿದರು. ದೋಷ ತಿದ್ದುವುದು ಎಂಜಿನಿಯರರ ಧರ್ಮ, ಸರಿಯೇ. ಆದರೂ ಆ ಒಂದು ದೋಷವನ್ನು ಹಾಗೇ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಹಳೇ ಆವೃತ್ತಿಗಳನ್ನು ಲಾಂಚರ್‌ನಲ್ಲಿ ಇಂದಿಗೂ ಉಳಿಸಿದ್ದಾರೆ ಎಂಬುದೇ ಸಮಾಧಾನ. ಬೇಕಾದವರು ಇಂದು ಸಂಜೆಯೇ 2011ಕ್ಕೆ ಹೊರಡಬಹುದು.

ಇನ್ನು ಆಡುಗರೇ ಬರೆದು ಆಟಕ್ಕೆ ಸೇರಿಸುವ ಮಾಡ್‌ಗಳು. ಅವು ಪರದೇಶ, ಪ್ರತಿಯೊಂದಕ್ಕೂ ತನ್ನದೇ ರಹದಾರಿ. ಟ್ವೈಲೈಟ್ ಫಾರೆಸ್ಟ್ ಎಂಬ ಮಾಡ್‌ನೊಳಗೆ ಹೋಗುವ ರೀತಿ ನೋಡಿ: ಎರಡು ಬ್ಲಾಕ್ ಉದ್ದಗಲದ ಹೊಂಡ ತೋಡಿ, ನೀರು ತುಂಬಿ, ಸುತ್ತ ಹೂಗಿಡ ನೆಟ್ಟು, ಒಂದು ವಜ್ರ ಒಳಗೆಸೆಯಬೇಕು. ಸಿಡಿಲು ಬಡಿಯುತ್ತದೆ, ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಧುಮುಕಿದರೆ ಆ ಕಡೆ ಎಂದೂ ಕತ್ತಲಾಗದ, ಎಂದೂ ಬೆಳಗಾಗದ ಮುಸ್ಸಂಜೆಯ ಕಾಡು. ಕಾಂಡದೊಳಗೆ ಮನೆ ಕಟ್ಟಬಹುದಾದಷ್ಟು ದಪ್ಪ ಮರಗಳು, ಮಿಂಚುಹುಳ. ಇನ್ನೊಂದು ಈಥರ್, 2011ರದ್ದು. ಪಾತಾಳದಂಥ ನೆದರ್‌ಗೆ ಕಪ್ಪುಕಲ್ಲಿನ ಚೌಕಟ್ಟಿಗೆ ಬೆಂಕಿ ಹಚ್ಚಿ ಹೋಗಬೇಕಲ್ಲ, ಇಲ್ಲಿ ಹೊಳೆಯುವ ಕಲ್ಲಿನ ಚೌಕಟ್ಟಿಗೆ ನೀರು ಸುರಿದು ಸ್ವರ್ಗಕ್ಕೆ. ಈ ಮೋಡಗಳ ನಾಡು ಕಟ್ಟಿದ ಬ್ರ್ಯಾಂಡನ್ ಪಿಯರ್ಸ್‌ರನ್ನು ಮುಂದೆ ಮೊಜಾಂಗ್‌ನವರೇ ಕೆಲಸಕ್ಕೆ ಕರೆದರು.

ಹೀಗೆ ಮಾಡ್‌ನಿಂದ ಆಟಕ್ಕೆ ಹರಿದು ಬಂದದ್ದು ಬೇಕಾದಷ್ಟಿದೆ. 2011ರಲ್ಲಿ ಬಂದ ಪಿಸ್ಟನ್ ಮೊದಲು ಆಡುಗನೊಬ್ಬ ಮಾಡಿದ ಮಾಡ್. ನಾನು ಪೂರ್ವಕ್ಕೆ ಏರಿ ಹೊರಟ ಕುದುರೆಯೂ ಮೋ ಕ್ರೀಚರ್ಸ್ ಎಂಬ ಮಾಡ್ ಬರೆದವನ ನೆರವಿನಿಂದ 2013ರಲ್ಲಿ ಬಂದದ್ದು. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಾಣಿಸುವುದೂ ಹೀಗೆ ಸಂಬಳವಿಲ್ಲದ ಕೈಗಳಿಂದಲೇ.

ತೊಂದರೆ ಇರುವುದು ಅಪ್‌ಡೇಟಿಗೂ ಮಾಡ್‌ಗೂ ನಡುವಿನ ಓಟದಲ್ಲಿ. ಆಟದ ಒಳಗನ್ನು ಕಂಪನಿ ಬದಲಿಸಿದಂತೆಲ್ಲ ಮಾಡ್ ಬರೆದವರು ಮತ್ತೆ ಕೂತು ತಿದ್ದಬೇಕು. 2018ರ 1.13ರಲ್ಲಿ ಬ್ಲಾಕ್‌ಗಳನ್ನು ಸಂಖ್ಯೆಗಳಿಂದ ಗುರುತಿಸುವ ಪದ್ಧತಿ ಹೋಗಿ ಹೆಸರುಗಳು ಬಂದವು. ಅಷ್ಟಕ್ಕೇ ಎಷ್ಟೋ ಮಾಡ್‌ಗಳು 1.12.2ರಲ್ಲೇ ಬಿಡಾರ ಹೂಡಿದವು. ಅದಕ್ಕೂ ಹಿಂದಿನ 1.7.10ರಲ್ಲಿ ನೆಲೆಸಿರುವ ಹಳಬರೂ ಇದ್ದಾರೆ. 2024ರ ಕೊನೆಯಿಂದ ವರ್ಷಕ್ಕೊಂದು ದೊಡ್ಡ ಅಪ್‌ಡೇಟ್ ಹೋಗಿ ಕೆಲವೇ ತಿಂಗಳಿಗೊಂದು ಚಿಕ್ಕ ಡ್ರಾಪ್ ಬರತೊಡಗಿದೆ. ಆ ಡಿಸೆಂಬರಿನಲ್ಲಿ ಬಂದ ಬಿಳಚಿದ ಕಾಡು ನನಗೆ ಹಿಡಿಸಿತು: ಬಣ್ಣವೇ ಇಂಗಿದ ಮರಗಳು, ನಾವು ನೋಡುತ್ತಿರುವಷ್ಟು ಹೊತ್ತು ಮಾತ್ರ ನಿಶ್ಚಲವಾಗಿ ನಿಲ್ಲುವ ಒಂದು ಮರದ ಪ್ರಾಣಿ. ಆದರೆ ಬೆಟ್ಟವನ್ನೇ ಎಬ್ಬಿಸುವಂಥ ಕೆಲಸ ಚಿಕ್ಕ ಕಂತುಗಳಲ್ಲಿ ಆಗದು. ಮಾಡ್‌ನವರಿಗಂತೂ ಉಸಿರಾಡಲೂ ಬಿಡುವಿಲ್ಲ.

ನನ್ನ ಹಳೇ ವರ್ಲ್ಡ್‌ಗೆ ಹೊಸ ಪ್ರಾಣಿ, ಹೊಸ ಯಂತ್ರ ತರುವ ಮಾಡ್ ಒಂದನ್ನೂ ನಾನು ಬಿಟ್ಟುಕೊಂಡಿಲ್ಲ. ನಾಳೆ ಆ ಮಾಡ್ ನಿಂತುಹೋದರೆ ಅದರ ಬ್ಲಾಕ್ ಇದ್ದಲ್ಲೆಲ್ಲ ತೂತು ಬೀಳುತ್ತದೆ. ಒಳಗೆ ಬಿಟ್ಟದ್ದು ಡಿಸ್ಟೆಂಟ್ ಹೊರೈಜನ್ಸ್ ಒಂದನ್ನೇ. ಅದು ದೇಶಕ್ಕೆ ಏನನ್ನೂ ಸೇರಿಸುವುದಿಲ್ಲ, ದೂರದ ನೆಲವನ್ನು ಒರಟಾಗಿ ಬಿಡಿಸಿ ತೋರಿಸುತ್ತದೆ, ಅಷ್ಟೇ. ಆಟದ ಸೆಟ್ಟಿಂಗ್ ಕೊಡುವ ಗರಿಷ್ಠ ನೋಟ 32 ಚಂಕ್, ಅರ್ಧ ಕಿಲೋಮೀಟರ್, ಅದರಾಚೆ ಮಂಜು. ಈ ಮಾಡ್ ಹಾಕಿ ಹಿಮಶಿಖರ ಹತ್ತಿ ಹಿಂತಿರುಗಿ ನೋಡಿದೆ. ನಾನು ನಡೆದು ಹುಟ್ಟಿಸಿದ ಅಷ್ಟೂ ನೆಲ ಒಂದೇ ನೋಟದಲ್ಲಿ! ಬೀಟಾದ ಹುಚ್ಚು ಗುಡ್ಡಗಳು, ಎರಡೂ ಗೋಡೆಗಳು, ಹೆದ್ದಾರಿಯೆಂದು ನಾನು ಬೀಗುತ್ತಿದ್ದ ರೈಲು ಹಳಿಯ ಗೀಚು.

ಸೋದರಳಿಯನ ಹುಚ್ಚೇ ಬೇರೆ. 2020ರಲ್ಲಿ ಇಡೀ ಭೂಮಿಯನ್ನು ಒಂದಕ್ಕೊಂದು ಅಳತೆಯಲ್ಲಿ ಕಟ್ಟುವ ‘ಬಿಲ್ಡ್ ದಿ ಅರ್ಥ್’ ಯೋಜನೆ ಶುರುವಾಯಿತಲ್ಲ, ಅದರ ಮಾಡ್‌ಗಳನ್ನು ಅವನು ಹಾಕಿಕೊಂಡಿದ್ದಾನೆ. ಒಂದು ಮಾಡ್ ಎತ್ತರದ ಮಿತಿಯನ್ನೇ ತೆಗೆದುಹಾಕುತ್ತದೆ, ಇನ್ನೊಂದು ನಿಜವಾದ ಭೂಮಿಯ ಎತ್ತರ ಇಳುಕಲುಗಳನ್ನು, ರಸ್ತೆಗಳನ್ನು ತಂದು ಬ್ಲಾಕ್ ಮಾಡಿ ಹಾಸುತ್ತದೆ. ಅಕ್ಷಾಂಶ ರೇಖಾಂಶ ಬರೆದು ಎಂಟರ್ ಒತ್ತಿದರೆ ಅಲ್ಲಿಗೇ. ನಾವು ಹೋದದ್ದು ಮುಳ್ಳಯ್ಯನಗಿರಿಗೆ. 1,930 ಮೀಟರ್, ಹಾಗಾಗಿ 1,930 ಬ್ಲಾಕ್. ಉಂಡೆಯಾದ ಭೂಮಿಯನ್ನು ಚಪ್ಪಟೆ ಮಾಡುವಾಗ ದಿಕ್ಕುಗಳು ತಿರುಚಿಕೊಂಡಿರುವುದರಿಂದ ಸೂರ್ಯ ಎಲ್ಲಿಂದ ಏಳುತ್ತಾನೋ ಹೇಳಲಾಗದು. ಆದರೆ ಬೆಟ್ಟದ ಏಣು ಬಾಬಾಬುಡನ್‌ಗಿರಿಯತ್ತ ಹೊರಳುವ ಪರಿ ಮಾತ್ರ ಅದೇ. ಕಾಲಿಗೆ ಗೊತ್ತಿದ್ದ ಏರನ್ನು ಬೆರಳು ಗುರುತು ಹಿಡಿಯಿತು.

ತುದಿಯಲ್ಲಿ ಗುಡಿ ಇರಲಿಲ್ಲ. ಮಾಡ್ ನೆಲ ತರುತ್ತದೆ, ಗುಡಿಯನ್ನು ಕೈಯಾರೆ ಕಟ್ಟಬೇಕು. ಹುಡುಗ ಆಗಲೇ ಮೆಟ್ಟಿಲು ಇಡಲು ಶುರುಮಾಡಿದ್ದ. ನಾನು ಗೋಡೆಗೆಂದು ಬೂದು ಆಂಡಿಸೈಟ್ ತೆಗೆದೆ.

“ಅದು ಬೇಡ ಮಾಮಾ, ಸುಣ್ಣ ಹೊಡೆದಿರ್ತಾರೆ. ಬಿಳಿ ಕಾಂಕ್ರೀಟ್ ಹಾಕಿ.”

“ಹಿಂದುಗಡೆ ಹೇಗಿದೆ, ನೆನಪಿದೆಯಾ?”

“ಇಲ್ಲ. ಈ ಸಲ ಹೋದಾಗ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ. ನೀವು ಬರೀ ಸೂರ್ಯಾಸ್ತದ್ದೇ ತೆಗೆದ್ರಿ.”