ಮೂರು ತಾಲೂಕುಗಳಲ್ಲಿ ಒಂದು ಮಾತೃಫಲಕದ ಶೋಧ

ಪಶ್ಚಿಮಘಟ್ಟದ ಬುಡದಲ್ಲಿ ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳು ಒಂದಕ್ಕೊಂದು ತಾಗಿಕೊಂಡಿವೆ. ಬಯಲುಸೀಮೆಯಲ್ಲಿರುವಂತೆ ಮನೆಗೆ ಮನೆ ಅಂಟಿದ ಹಳ್ಳಿಗಳು ಇಲ್ಲಿ ವಿರಳ. ಅಡಕೆಯ ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಗುಡ್ಡವೋ ತೋಡೋ ಇರುವುದು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಮಳೆಗಾಲದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಸಿಡಿಲಿನ ಆರ್ಭಟ. ವಿದ್ಯುತ್ತಿನ ತಂತಿಗಳು ಕಾಡುಮರಗಳ ನಡುವೆ ಬಹುದೂರ ಸಾಗಿ ಒಂಟಿಮನೆಯನ್ನು ಸೇರುತ್ತವೆ. ಇಂತಹ ನಾಡಿನಲ್ಲಿ ಗೃಹಸ್ಥನು ತನ್ನ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡನ್ನು ಆರಿಸುವ ಕಾರ್ಯವು ಪಟ್ಟಣಿಗನ ಆಯ್ಕೆಯಂತಲ್ಲವೆಂಬುದು 2025ರ ಕಾರ್ತಿಕಮಾಸದಲ್ಲಿ ನಾವು ಕೈಗೊಂಡ ಪ್ರಯಾಣದಲ್ಲಿ ಮನದಟ್ಟಾಯಿತು.

ನಮ್ಮ ತಂಗಿಯ ಮನೆ ಅರಂತೋಡಿನಿಂದ ಒಳಗೆ. ಅಲ್ಲಿಯ ತೋಟಗಳನ್ನು ಹಳದಿ ಎಲೆ ರೋಗವು ವರ್ಷವರ್ಷಕ್ಕೂ ತಿನ್ನುತ್ತ ಬಂದಿದೆ. ಅದನ್ನು ನಿರ್ಮೂಲಗೊಳಿಸುವ ಮದ್ದು ಇನ್ನೂ ದೊರೆತಿಲ್ಲ. ಫಸಲು ಕುಗ್ಗಿದ ಮೇಲೆ ತಂಗಿಯ ಮಗಳು ಮನೆಯಲ್ಲೇ ಕುಳಿತು ದೂರದ ವ್ಯಾಪಾರಸ್ಥರ ಲೆಕ್ಕಪತ್ರಗಳನ್ನು ಬರೆದು ಸಂಸಾರವನ್ನು ನಡೆಸುತ್ತಿರುವಳು. ಒಂದು ಸಂಜೆ ಸಿಡಿಲು ಬಂದಾಗ ಆಕೆ ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತಿದ್ದಳು. ಆದರೆ ಟೆಲಿಫೋನಿನ ತಾಮ್ರದ ತಂತಿಗೆ ಸೇರಿದ ಇಂಟರ್‌ನೆಟ್ಟಿನ ಕೇಬಲು ಹಾಗೆಯೇ ಉಳಿದಿತ್ತು. ಆ ದಾರಿಯಿಂದ ನುಗ್ಗಿದ ವಿದ್ಯುತ್ತು ಬೋರ್ಡನ್ನು ಸುಟ್ಟಿತು. ಯಂತ್ರ ನಿಂತರೆ ಆ ಮನೆಯ ಒಲೆಯೂ ನಿಂತಂತೆಯೇ. ಆಕೆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ನಮ್ಮಲ್ಲಿಗೆ ಕಳುಹಿಸಿ, “ಮಾವ, ಯಾವುದು ಒಳ್ಳೆಯದೆಂದು ವಿಚಾರಿಸಿ” ಎಂದು ಹೇಳಿಕಳುಹಿದಳು.

ಮದರ್‌ಬೋರ್ಡನ್ನು ಸಂಸ್ಕೃತದ ರೂಢಿಯಿಂದ ಮಾತೃಫಲಕವೆನ್ನಬಹುದು. ಗಾಜಿನ ನೂಲು ಹಾಗೂ ರಾಳಗಳಿಂದಾದ ಹಲಗೆ. ಅದರ ಪದರಗಳಲ್ಲಿ ತಾಮ್ರದ ಸೂಕ್ಷ್ಮ ಗೆರೆಗಳು. ಲೆಕ್ಕಮಾಡುವ ಪ್ರೊಸೆಸರು, ನೆನಪಿಡುವ ಮೆಮೊರಿ, ದಾಸ್ತಾನಿನ ಡಿಸ್ಕು, ಇವೆಲ್ಲವೂ ಈ ತಾಯಿಯ ಮಡಿಲಿನಲ್ಲಿ ಕುಳಿತು ಪರಸ್ಪರ ಮಾತನಾಡುವುವು. ಆದರೆ ಎಲ್ಲ ಮಕ್ಕಳೂ ಎಲ್ಲ ತಾಯಂದಿರಿಗೂ ಒಗ್ಗುವುದಿಲ್ಲ. ಆಯ್ಕೆಯ ಕಷ್ಟವೆಲ್ಲ ಇದರಲ್ಲಿಯೇ ಅಡಗಿದೆ.

ನಮ್ಮ ವಾಸ ಕಡಬದಲ್ಲಿ. ಮೊದಲು ಅಲ್ಲಿಯ ಅಂಗಡಿಯಲ್ಲೇ ವಿಚಾರಿಸಿದೆವು. ಅಂಗಡಿಯವನು ಹಳೆಯ ಪ್ರೊಸೆಸರನ್ನೂ ಮೆಮೊರಿಯನ್ನೂ ಬೇರೊಂದು ಬೋರ್ಡಿನಲ್ಲಿಟ್ಟು ಪರೀಕ್ಷಿಸಿದನು. ಸುದೈವದಿಂದ ಎರಡೂ ಬದುಕಿದ್ದವು. ಇಂಟೆಲ್ಲಿನ ಏಳನೆಯ ತಲೆಮಾರಿನ ಆ ಪ್ರೊಸೆಸರಿಗೆ ಹೊಂದುವ ಬಳಸಿದ ಬೋರ್ಡು 3,000 ರೂಪಾಯಿಗೆ ದೊರೆಯುವುದೆಂದನು. ಕೇವಲ ಬರೆವಣಿಗೆ, ಓದುಗಳಿಗಾದರೆ ಇಷ್ಟೇ ಸಾಕು. ಲಿನಕ್ಸ್ ಹಾಕಿಕೊಂಡು ವರ್ಷಗಟ್ಟಲೆ ನಡೆಸಬಹುದು. ಆದರೆ ಆಕೆಯ ಲೆಕ್ಕದ ತಂತ್ರಾಂಶಕ್ಕೆ ವಿಂಡೋಸ್ ಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂಟೆಲ್ಲಿನಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದೀಚಿನ ಪ್ರೊಸೆಸರುಗಳನ್ನು ಮಾತ್ರ ಅಂಗೀಕರಿಸುವುದು. ಪರರ ಹಣದ ಲೆಕ್ಕವನ್ನು ರಕ್ಷಣೆಯಿಲ್ಲದ ಯಂತ್ರದಲ್ಲಿಡುವುದು ಉಚಿತವಲ್ಲ.

ಆಲಂಕಾರಿನ ಮಾರ್ಗವಾಗಿ ಉಪ್ಪಿನಂಗಡಿಗೆ ಬಂದೆವು. ಕುಮಾರಧಾರೆಯು ನೇತ್ರಾವತಿಯನ್ನು ಕೂಡುವ ಆ ಸಂಗಮವನ್ನು ಕಂಡು ಪುತ್ತೂರಿಗೆ ಹೋದೆವು. ಮಹಾಲಿಂಗೇಶ್ವರನ ಸನ್ನಿಧಿಯಿಂದಲೂ, 1986ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ ಚಾಕೊಲೇಟು ಕಾರ್ಖಾನೆಯಿಂದಲೂ ಈ ಪೇಟೆ ಪ್ರಸಿದ್ಧ. ಶಿವರಾಮ ಕಾರಂತರು ಬಹುಕಾಲ ವಾಸಿಸಿದ ಬಾಲವನವೂ ಇಲ್ಲಿಯೇ ಇದೆ. ವಿಜ್ಞಾನದ ಸಂಗತಿಗಳನ್ನು ಕನ್ನಡದ ಮಕ್ಕಳಿಗೆ ತಿಳಿಯುವಂತೆ ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದವರ ಊರಿನಲ್ಲಿ ಕಂಪ್ಯೂಟರಿನ ಅಂಗಾಂಗಗಳನ್ನು ಕನ್ನಡದಲ್ಲೇ ಕೇಳಿ ತಿಳಿಯುವುದು ನಮಗೆ ಹಿತವೆನಿಸಿತು. ಇಲ್ಲಿಯ ಅಂಗಡಿಯಲ್ಲಿ ಅತ್ಯಂತ ನೂತನವಾದ ಬೋರ್ಡುಗಳಿದ್ದವು. 2022ರಲ್ಲಿ ಬಂದ ಎಎಮ್‌ಡಿ ಸಂಸ್ಥೆಯ ಎಎಮ್5 ಎಂಬ ಸಾಕೆಟ್ಟು ಮುಂದಿನ ಪ್ರೊಸೆಸರುಗಳನ್ನೂ ಸ್ವೀಕರಿಸುವಂತಹುದು. ಆದರೆ ಅದಕ್ಕೆ ಡಿಡಿಆರ್5 ಮೆಮೊರಿಯೇ ಬೇಕು. ಡಿಡಿಆರ್4ರ ಕಚ್ಚು ಬೇರೆಡೆಯಲ್ಲಿರುವುದರಿಂದ ಅದು ಅಲ್ಲಿ ಕೂರುವುದೇ ಇಲ್ಲ. 2025ರ ಕೊನೆಯಲ್ಲಿ ಮೆಮೊರಿಯ ಬೆಲೆಯೂ ಏರಿತ್ತು. ಇರುವ ಮೆಮೊರಿಯನ್ನು ಎಸೆದು ದುಬಾರಿಯದನ್ನು ಕೊಳ್ಳುವುದು ಆ ಸಂಸಾರಕ್ಕೆ ಭಾರವೇ ಸರಿ.

ಮರುದಿನ ಕುಂಬ್ರ, ಕಾವು, ಜಾಲ್ಸೂರುಗಳನ್ನು ದಾಟಿ, ಪಯಸ್ವಿನಿಯ ದಡದ ಸುಳ್ಯವನ್ನು ಸೇರಿದೆವು. ಅಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಕಂಪ್ಯೂಟರು ದುರಸ್ತಿಯ ಅಂಗಡಿಯನ್ನಿಟ್ಟಿರುವನು. “ಮಾಷ್ಟ್ರೇ, ಬೋರ್ಡನ್ನು ನೋಡುವ ಮೊದಲು ಪ್ರೊಸೆಸರನ್ನು ನಿಶ್ಚಯಿಸಬೇಕು” ಎಂದು ಅವನು ಆರಂಭಿಸಿದನು. ಅವನು ತೋರಿಸಿದ್ದು ಮಧ್ಯಮಮಾರ್ಗ: ಇಂಟೆಲ್ಲಿನ ಹನ್ನೆರಡನೆಯ ತಲೆಮಾರಿನ ಐ3 ಪ್ರೊಸೆಸರು, ಅದಕ್ಕೆ ಎಚ್610 ಜಾತಿಯ ಬೋರ್ಡು. ಈ ಜಾತಿಯಲ್ಲಿ ಡಿಡಿಆರ್4ರ ಬೋರ್ಡೂ ಡಿಡಿಆರ್5ರ ಬೋರ್ಡೂ ಬೇರೆಬೇರೆಯಾಗಿ ಬರುವುದರಿಂದ ಪೆಟ್ಟಿಗೆಯ ಮೇಲಿನ ಬರಹವನ್ನು ಓದಿಯೇ ಕೊಳ್ಳತಕ್ಕದ್ದು. ಪ್ರೊಸೆಸರಿನ ಹೆಸರಿನ ತುದಿಯಲ್ಲಿ ಎಫ್ ಅಕ್ಷರವಿದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗವಿರದು. ಬೇರೆ ಗ್ರಾಫಿಕ್ಸ್ ಕಾರ್ಡು ಬೇಕಾಗುವುದು. ಇನ್ನೊಂದು ಎಚ್ಚರಿಕೆಯನ್ನೂ ಅವನು ಹೇಳಿದನು. ಏಳನೆಯ ಹಾಗೂ ಎಂಟನೆಯ ತಲೆಮಾರುಗಳೆರಡರ ಸಾಕೆಟ್ಟಿಗೂ 1151 ಎಂಬ ಒಂದೇ ಹೆಸರು. ಆದರೂ ಒಂದರ ಪ್ರೊಸೆಸರು ಇನ್ನೊಂದರ ಬೋರ್ಡಿನಲ್ಲಿ ನಡೆಯದು. ನಾಮಸಾಮ್ಯವನ್ನು ನಂಬಿ ಹಣ ತೆತ್ತವರುಂಟು. ಹಲಗೆಯ ಅಳತೆಯೂ ಮುಖ್ಯ: 244 ಮಿಲಿಮೀಟರು ಚೌಕದೊಳಗಣ ಮೈಕ್ರೋ ಎಟಿಎಕ್ಸ್ ಹಳೆಯ ಪೆಟ್ಟಿಗೆಯಲ್ಲಿಯೇ ಕೂರುವುದೆಂದು ಅಳೆದು ನೋಡಿದೆವು. ಬೋರ್ಡು, ಪ್ರೊಸೆಸರುಗಳೆರಡಕ್ಕೂ ಸೇರಿ 16,000 ರೂಪಾಯಿ.

ಸಂಜೆ ಅರಂತೋಡಿಗೆ ಹೋಗಿ ಮೂರು ದಾರಿಗಳನ್ನೂ ಸೊಸೆಯ ಮುಂದಿಟ್ಟೆವು. ತಂಗಿಯು, “ಅಣ್ಣ, ಕಡಬದ್ದೇ ಸಾಲದೆ? ಹದಿಮೂರು ಸಾವಿರ ಉಳಿಯುತ್ತದಲ್ಲ” ಎಂದಳು. ಗರಿಗಳು ಹಳದಿಯಾಗಿ ಬಾಗಿದ ತೋಟವು ಜಗಲಿಯಿಂದಲೇ ಕಾಣುತ್ತಿತ್ತು. ಆ ಮಾತನ್ನು ಕೃಪಣತೆಯೆನ್ನಲು ನಮಗೆ ಬಾಯಿ ಬರಲಿಲ್ಲ. ಸೊಸೆಯು ಕಾಗದ ಪೆನ್ಸಿಲು ತಂದು ಲೆಕ್ಕ ಹಾಕಿದಳು. “ಅಮ್ಮ, ಇದು ನನ್ನ ಒಂದೂವರೆ ತಿಂಗಳ ಸಂಪಾದನೆ. ರಕ್ಷಣೆಯಿಲ್ಲದ ಯಂತ್ರದಲ್ಲಿ ಕೆಲಸಮಾಡಿದರೆ ಲೆಕ್ಕ ಕೊಡುವವರು ಕೊಡುವುದನ್ನು ಬಿಟ್ಟಾರು. ತೋಟ ಕೈಬಿಟ್ಟಿದೆ, ಇದನ್ನು ಬಿಡಲಾರೆ” ಎಂದಳು. ತಂಗಿಯು ಮತ್ತೆ ಮಾತನಾಡಲಿಲ್ಲ. ಒಳಗೆ ಹೋಗಿ, ಅಡಕೆ ಮಾರಿ ಕಟ್ಟಿಟ್ಟಿದ್ದ ಹಣದಲ್ಲಿ ಆರು ಸಾವಿರವನ್ನು ತಂದು ಮಗಳ ಕೈಯಲ್ಲಿರಿಸಿದಳು.

ಸುಳ್ಯದ ಬೋರ್ಡೇ ನಿಶ್ಚಯವಾಯಿತು. ಆದರೆ ಸಿಡಿಲು, ವಿದ್ಯುತ್ತಿನ ಏರಿಳಿತಗಳಿಂದ ಸುಟ್ಟುದಕ್ಕೆ ವಾರಂಟಿಯು ಸಾಮಾನ್ಯವಾಗಿ ಸಲ್ಲದಾದುದರಿಂದ ಬೋರ್ಡಿನೊಡನೆ ಮನೆಯನ್ನೂ ಸುಧಾರಿಸಬೇಕಾಯಿತು. ಅರ್ಥಿಂಗಿನ ಗುಂಡಿಯನ್ನು ಹೊಸದಾಗಿ ತೋಡಿಸಿದರು. ತಾಮ್ರದ ತಂತಿಯ ಬದಲು ಫೈಬರಿನ ಸಂಪರ್ಕವನ್ನು ಪಡೆದರು. ಅದರ ಗಾಜಿನ ಎಳೆಯು ವಿದ್ಯುತ್ತನ್ನು ಒಯ್ಯುವುದಿಲ್ಲ. ಹಾಗಾದರೂ ಫೈಬರಿನ ಪೆಟ್ಟಿಗೆಗೂ ಕರೆಂಟು ಬೇಕಷ್ಟೆ. ಆದಕಾರಣ ಗುಡುಗು ದೂರದಲ್ಲಿರುವಾಗಲೇ ಎಲ್ಲ ಪ್ಲಗ್ಗುಗಳನ್ನೂ, ಕಂಪ್ಯೂಟರಿನ ಹಿಂದಣ ಕೇಬಲನ್ನೂ ಕಿತ್ತಿಡಬೇಕು. ಮಿಂಚು ನೆತ್ತಿಯ ಮೇಲೆ ಬಂದ ಬಳಿಕ ಯಾವುದನ್ನೂ ಮುಟ್ಟಲಾಗದು.

ನಮ್ಮ ಸೀಮೆಯ ಗೃಹಸ್ಥರು ಬೋರ್ಡನ್ನು ಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಯಂತ್ರದಿಂದ ಆಗಬೇಕಾದ ಕೆಲಸವೇನು? ಹಳೆಯದರಲ್ಲಿ ಉಳಿಸಿಕೊಳ್ಳಬಹುದಾದುದೇನು? ಅದಕ್ಕೆ ಇನ್ನೆಷ್ಟು ವರ್ಷ ರಕ್ಷಣೆ ದೊರೆಯುವುದು? ಸಿಡಿಲು ಒಳಬರುವ ದಾರಿಗಳೆಷ್ಟು? ಅಂಗಡಿಯವನು ಮೊದಲಿನ ಮೂರಕ್ಕೆ ಉತ್ತರ ಹೇಳಿಯಾನು. ನಾಲ್ಕನೆಯದನ್ನು ಮಾತ್ರ ಮನೆಯವರೇ ಗೋಡೆಗೋಡೆಯನ್ನೂ ನೋಡಿ ಎಣಿಸಬೇಕು.