ಅಂಪೈರ್ ಬಂಡೆಯ ಕೆಳಗೆ ಒಂದು ಆಟ

ನ್ಯೂಯಾರ್ಕಿಗೆ ಹೋಗಿ ಬಂದವರು ತೋರಿಸುವ ಫೋಟೋಗಳಲ್ಲಿ ಸ್ವಾತಂತ್ರ್ಯ ಪ್ರತಿಮೆ ಇರುತ್ತದೆ, ಟೈಮ್ಸ್ ಸ್ಕ್ವೇರಿನ ದೀಪಗಳಿರುತ್ತವೆ. ಮಗನೋ ಮಗಳೋ ಕರೆಸಿಕೊಂಡು ನಿಮಗೂ ಅಲ್ಲಿಗೆ ಹೋಗುವ ಅವಕಾಶ ಸಿಕ್ಕಿದರೆ ಅವೆಲ್ಲವನ್ನೂ ನೋಡಿ, ಬೇಡ ಎನ್ನುವುದಿಲ್ಲ. ಆದರೆ ಬೇಸಿಗೆಯ ಒಂದು ಬೆಳಿಗ್ಗೆಯನ್ನು ಮಾತ್ರ ಸೆಂಟ್ರಲ್ ಪಾರ್ಕಿಗೆಂದು ಎತ್ತಿಡಿ. ಟಿಕೆಟ್ ಬೇಕಿಲ್ಲ, ಸರತಿ ಸಾಲು ಇಲ್ಲ.

ಕೊಲಂಬಸ್ ಸರ್ಕಲ್ ನಿಲ್ದಾಣದಲ್ಲಿ ರೈಲಿನಿಂದ ಇಳಿದು ಮೇಲೆ ಬಂದರೆ ಎದುರಿಗೇ ಪಾರ್ಕಿನ ಮೂಲೆ. ಆ ನಗರದ ರಸ್ತೆಬದಿಗಳಲ್ಲಿ 'ಹಲಾಲ್' ಎಂದು ಬರೆದ ತಿಂಡಿಗಾಡಿಗಳಿಗೆ ಕೊರತೆಯಿಲ್ಲ. ಕೋಳಿ ಮತ್ತು ಅನ್ನದ ಒಂದು ಪೊಟ್ಟಣ ಕಟ್ಟಿಸಿಕೊಂಡು ಒಳಗೆ ನಡೆಯಿರಿ, ಒಬ್ಬರ ಪಾಲು ಇಬ್ಬರಿಗೆ ಸಾಕು. ಕೆಲವೇ ನಿಮಿಷಗಳಲ್ಲಿ ಬೂದುಬಣ್ಣದ ಒಂದು ದೊಡ್ಡ ಬಂಡೆ ಸಿಗುತ್ತದೆ. ಹಿಮಯುಗದಲ್ಲಿ ನೀರ್ಗಲ್ಲಿನ ರಾಶಿ ಅದರ ಮೇಲೆ ಜಾರಿಹೋದ ಗೀರುಗಳು ಇಂದಿಗೂ ಎದ್ದು ಕಾಣುತ್ತವೆ. ಇದರ ಹೆಸರು ಅಂಪೈರ್ ಬಂಡೆ. ಮೇಲೆ ಹತ್ತಿ ಕುಳಿತರೆ ಕೆಳಗಿನ ಹೆಕ್ಷರ್ ಆಟದ ಬಯಲು ಇಡೀ ಕಾಣುವುದರಿಂದ ಈ ಹೆಸರು. ಇದಕ್ಕೆ ಇಲಿಬಂಡೆ ಎಂಬ ಇನ್ನೊಂದು ಹೆಸರೂ ಇದೆ. ರಾತ್ರಿ ಹೊತ್ತು ಅಲ್ಲಿ ಯಾರು ಸೇರುತ್ತಾರೆಂದು ನೀವೇ ಊಹಿಸಿಕೊಳ್ಳಿ!

ಬಂಡೆಯ ಮೇಲೆ ಕುಳಿತು ನೋಡಿ. ಕೆಳಗೆ ಕೆಂಪು ಮಣ್ಣಿನ ಅಂಕಣಗಳು, ಅವುಗಳ ಆಚೆ ಹಸಿರು ಹುಲ್ಲು. ಒಂದು ಆಟದ ಹುಲ್ಲು ಮುಗಿಯುವಲ್ಲಿ ಇನ್ನೊಂದು ಆಟದ ಹುಲ್ಲು ಶುರುವಾಗುತ್ತದೆ. ಹಾಗಾಗಿ ಈ ಆಟದ ಕಾವಲುಗಾರನ ಬೆನ್ನಿಗೆ ಆ ಆಟದ ಕಾವಲುಗಾರ ನಿಂತಿರುತ್ತಾನೆ. ಪಕ್ಕದ ಮರಗಳ ಹಿಂದಿನಿಂದ ಮಕ್ಕಳ ತಿರುಗುಕುದುರೆಯ ವಾದ್ಯದ ಸದ್ದು ತೇಲಿ ಬರುತ್ತದೆ. ನಡುವೆ ಲೋಹದ ಬ್ಯಾಟಿಗೆ ಚೆಂಡು ತಾಗಿದ 'ಟಣ್' ಎಂಬ ಸದ್ದು.

ಬೇಸ್‌ಬಾಲ್ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಕ್ರಿಕೆಟ್ ನೋಡಿದವರಿಗೆ ಹತ್ತು ನಿಮಿಷ ಸಾಕು. ವಿಕೆಟ್ ಇಲ್ಲ, ಓಡುವುದು ಮಾತ್ರ ಹಿಂದಕ್ಕೂ ಮುಂದಕ್ಕೂ ಅಲ್ಲ, ನಾಲ್ಕು ಮೂಲೆಗಳ ಸುತ್ತ. ಸುತ್ತು ಮುಗಿಸಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಮೂರು ಜನ ಔಟಾದರೆ ತಂಡಗಳು ಜಾಗ ಬದಲಿಸುತ್ತವೆ. ಇಲ್ಲಿ ಹೆಚ್ಚಾಗಿ ನಡೆಯುವುದು ಬೇಸ್‌ಬಾಲಿನ ತಮ್ಮನಾದ ಸಾಫ್ಟ್‌ಬಾಲ್. ಬೇಸ್‌ಬಾಲಿನ ಚೆಂಡಿನ ಸುತ್ತಳತೆ ಸುಮಾರು 9 ಅಂಗುಲವಾದರೆ ಇದರದ್ದು 12. ಎಸೆಯುವುದು ಭುಜದ ಮೇಲಿನಿಂದಲ್ಲ, ಸೊಂಟದ ಕೆಳಗಿನಿಂದ. ಹೆಸರಿಗೆ ಮೃದು, ಕೈಗೆ ಬಡಿದಾಗ ಅಷ್ಟೇನೂ ಮೃದುವಲ್ಲ. 1887ರಲ್ಲಿ ಶಿಕಾಗೋದ ಒಂದು ಕ್ಲಬ್ಬಿನ ಕೋಣೆಯೊಳಗೆ ಹುಟ್ಟಿದ ಆಟವಿದು. ಬಾಕ್ಸಿಂಗ್ ಗ್ಲೌಸನ್ನು ಬಿಗಿದು ಕಟ್ಟಿ ಚೆಂಡು ಮಾಡಿಕೊಂಡು, ಪೊರಕೆಯ ಹಿಡಿಯನ್ನೇ ಬ್ಯಾಟ್ ಮಾಡಿಕೊಂಡು ಆಡಿದರಂತೆ. ತೆಂಗಿನ ಮಡಲನ್ನು ಬ್ಯಾಟ್ ಮಾಡಿಕೊಂಡ ನಮ್ಮ ಮಕ್ಕಳಿಗೆ ಇದು ಅಚ್ಚರಿಯೆನಿಸದು.

ಬಯಲಿನಲ್ಲಿ ಸಮವಸ್ತ್ರ ತೊಟ್ಟ ತಂಡಗಳೂ ಆಡುತ್ತವೆ. ಬ್ರಾಡ್‌ವೇ ರಂಗಭೂಮಿಯ ನಟರು, ಬೆಳಕಿನವರು, ಬಡಗಿಗಳು ಸೇರಿದ ಲೀಗ್ 1955ರಿಂದ ನಡೆದುಬಂದಿದೆ. ಆದರೆ ನೀವು ನೋಡಬೇಕಾದದ್ದು ಸಮವಸ್ತ್ರವಿಲ್ಲದವರ ಆಟ. ನಾನು ನೋಡಿದ ದಿನ ನೆರೆತ ಒಬ್ಬ ಹಿರಿಯರು ಒಂದು ಚೀಟಿ ಹಿಡಿದು ನಿಂತಿದ್ದರು. ಬಂದವರು ಬಂದ ಕ್ರಮದಲ್ಲಿ ಹೆಸರು ಬರೆಸುತ್ತಿದ್ದರು. ಇಪ್ಪತ್ತು ಹೆಸರಾದ ಕೂಡಲೇ ಎರಡು ತಂಡ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದವರೊಬ್ಬರು, ಕಾಲೇಜು ಹುಡುಗ, ಮಂಡಿಗೆ ಪಟ್ಟಿ ಕಟ್ಟಿದ ನಿವೃತ್ತ ಶಿಕ್ಷಕ, ತನ್ನ ಹತ್ತು ವರ್ಷದ ಮಗಳನ್ನು ಕರೆತಂದ ತಾಯಿ. ಗ್ಲೌಸ್ ಇಲ್ಲದವರಿಗೆ ಎದುರು ತಂಡದವರು ಜಾಗ ಬದಲಿಸುವಾಗ ತಮ್ಮದನ್ನು ಹುಲ್ಲಿನ ಮೇಲೆ ಬಿಟ್ಟುಹೋಗುತ್ತಿದ್ದರು. ಓಡಲಾಗದ ಶಿಕ್ಷಕರು ಹೊಡೆದರೆ ಅವರ ಬದಲು ಓಡಲು ಒಬ್ಬ ಹುಡುಗ ಸಿದ್ಧನಿರುತ್ತಿದ್ದ. ಅಂಪೈರ್ ಎಂದರೆ ಆ ಬಂಡೆ ಮಾತ್ರ. ಜಗಳವಿಲ್ಲವೆಂದಲ್ಲ. ಔಟೋ ಅಲ್ಲವೋ ಎಂದು ಐದು ನಿಮಿಷ ಕೂಗಾಡಿದರು. ಕೊನೆಗೆ ಯಾರೋ ನಕ್ಕರು, ಚೆಂಡನ್ನು ಮತ್ತೆ ಎಸೆದರು.

ಆಮೇಲೆ ಪರವಾನಿಗೆ ಪತ್ರ ಹಿಡಿದ ಒಂದು ತಂಡ ಬಂತು. ಅಲ್ಲಿ ನಗರದ ಉದ್ಯಾನ ಇಲಾಖೆಯಿಂದ ಹೊತ್ತು ಕಾಯ್ದಿರಿಸಿಕೊಂಡವರಿಗೇ ಬಯಲಿನ ಮೊದಲ ಹಕ್ಕು. ಆಟ ಅರ್ಧಕ್ಕೇ ನಿಂತಿತು. ಯಾರೂ ಎದುರಾಡಲಿಲ್ಲ. ಚೀಟಿಯ ಹಿರಿಯರು ರನ್ನುಗಳನ್ನು ಬರೆದುಕೊಂಡು ಬ್ಯಾಟುಗಳನ್ನು ಚೀಲಕ್ಕೆ ತುಂಬಿದರು. ಬಯಲು ತೆರೆದೇ ಇರುವುದರಿಂದ ಅದು ಎಲ್ಲರದ್ದೂ ಎಂದುಕೊಳ್ಳುತ್ತೇವೆ. ಆದರೆ ಇಂಥ ಚೀಟಿಯ ಆಟಗಳು ಬದುಕುವುದು ಬೇರೆಯವರು ಬಿಟ್ಟ ಗಂಟೆಗಳಲ್ಲಿ ಮಾತ್ರ.

ಈ ಬಯಲಿನಲ್ಲಿ ಯಾರು ಆಡಬಹುದು ಎಂಬ ಪ್ರಶ್ನೆ ಬಲು ಹಳೆಯದು. 1840ರ ದಶಕದಲ್ಲಿ ಮ್ಯಾನ್‌ಹಟನ್‌ನಲ್ಲಿ ಖಾಲಿ ನೆಲ ಕರಗತೊಡಗಿದಾಗ ನಿಕರ್‌ಬೋಕರ್ ಎಂಬ ಕ್ಲಬ್ಬಿನವರು ಹಡ್ಸನ್ ನದಿ ದಾಟಿ ಹೊಬೋಕನ್‌ಗೆ ಹೋಗಿ ಆಡುತ್ತಿದ್ದರು. ಅಲ್ಲಿ 1846ರ ಜೂನ್ 19ರಂದು ಅವರು ತಾವೇ ಬರೆದ ನಿಯಮಗಳ ಪ್ರಕಾರ ಆಡಿ 23-1ರಿಂದ ಸೋತರು! ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರ 1858ರ ನಕ್ಷೆಯಂತೆ 843 ಎಕರೆಯ ಪಾರ್ಕ್ ರೂಪುಗೊಂಡಿತು. ಅಲ್ಲೂ ದೊಡ್ಡವರ ಬೇಸ್‌ಬಾಲಿಗೆ ಜಾಗವಿರಲಿಲ್ಲ. 1860ರ ದಶಕದಲ್ಲಿ ಶಾಲಾ ಹುಡುಗರಿಗೆ ಅವಕಾಶ ಸಿಕ್ಕಿತು, ಅದೂ ಹಾಜರಾತಿ ಮತ್ತು ನಡತೆ ಚೆನ್ನಾಗಿದೆಯೆಂದು ಮೇಷ್ಟ್ರು ಪತ್ರ ಬರೆದುಕೊಟ್ಟರೆ. ದುಡಿಯುವ ಮನೆಯ ಹುಡುಗನೊಬ್ಬ ಶಾಲೆಯನ್ನೇ ಕಾಣದಿದ್ದರೆ ಆ ಪತ್ರವನ್ನು ಎಲ್ಲಿಂದ ತಂದಾನು?

ಇನ್ನೂ ಕಹಿಯಾದ ಸಂಗತಿಯೊಂದಿದೆ. ಪಾರ್ಕ್ ಹುಟ್ಟಿದ್ದು ಖಾಲಿ ನೆಲದ ಮೇಲಲ್ಲ. ಇಲ್ಲಿಂದ ಉತ್ತರಕ್ಕೆ ನಡೆದು ಪಶ್ಚಿಮದ ಅಂಚಿನಲ್ಲಿ 82ನೆಯ ಬೀದಿ ದಾಟಿದರೆ ಸೆನೆಕಾ ವಿಲೇಜ್ ಇದ್ದ ಜಾಗ ಸಿಗುತ್ತದೆ. 1825ರಿಂದ ಕರಿಯ ಜನ ಭೂಮಿ ಕೊಂಡು ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದ ಊರದು. 1855ರ ಹೊತ್ತಿಗೆ ಸುಮಾರು 225 ಮಂದಿ ಅಲ್ಲಿದ್ದರು. ಪಾರ್ಕಿಗಾಗಿ ಸರಕಾರ ಭೂಮಿಯನ್ನು ವಶಪಡಿಸಿಕೊಂಡು 1857ರಲ್ಲಿ ಅವರನ್ನು ಎಬ್ಬಿಸಿತು. ಇಂದು ಅಲ್ಲಿ ಫಲಕಗಳಿವೆ, ನಿಂತು ಓದಿ.

ಬಯಲನ್ನು ಉಳಿಸಿಕೊಂಡವರ ಕತೆಯೂ ಹತ್ತಿರದಲ್ಲೇ ಇದೆ. ಹೆಕ್ಷರ್ ಬಯಲಿನಿಂದ ಸ್ವಲ್ಪ ಪಶ್ಚಿಮಕ್ಕೆ 67ನೆಯ ಬೀದಿಯ ಬಳಿ ಟ್ಯಾವರ್ನ್ ಆನ್ ದ ಗ್ರೀನ್ ಎಂಬ ಹೋಟೆಲ್ ಇದೆ. 1956ರಲ್ಲಿ ಅಲ್ಲಿನ ಗಿರಾಕಿಗಳ ಕಾರು ನಿಲ್ಲಿಸಲು ಮಕ್ಕಳು ಆಡುತ್ತಿದ್ದ ಅರ್ಧ ಎಕರೆಯಷ್ಟು ಹಸಿರು ನೆಲಕ್ಕೆ ಡಾಂಬರು ಹಾಕಲು ಉದ್ಯಾನ ಆಯುಕ್ತ ರಾಬರ್ಟ್ ಮೋಸೆಸ್ ಹೊರಟರು. ಕೆಲಸದವರು ಬಿಟ್ಟುಹೋಗಿದ್ದ ನಕ್ಷೆ ಒಬ್ಬ ತಾಯಿಯ ಕಣ್ಣಿಗೆ ಬಿತ್ತು. ಆಕೆ ನೆರೆಯವರಿಗೆ ಹೇಳಿದರು. ಬುಲ್ಡೋಜರ್ ಬಂದ ದಿನ ತಾಯಂದಿರು ಮಕ್ಕಳ ತಳ್ಳುಗಾಡಿಗಳೊಂದಿಗೆ ಅದರ ಮುಂದೆ ನಿಂತುಬಿಟ್ಟರು. ಏಪ್ರಿಲ್ 24ರಂದು ಇನ್ನೂ ಬೆಳಕು ಹರಿಯುವ ಮುನ್ನವೇ ಬೇಲಿ ಹಾಕಲಾಯಿತು, ಮರಗಳು ಉರುಳಿದವು. ತಾಯಂದಿರು ನ್ಯಾಯಾಲಯಕ್ಕೆ ಹೋದರು, ಪತ್ರಿಕೆಗಳು ಅವರ ಚಿತ್ರ ಛಾಪಿಸಿದವು. ದಶಕಗಳಿಂದ ಯಾರಿಗೂ ಮಣಿಯದಿದ್ದ ಮೋಸೆಸ್ ಅಲ್ಲಿ ಸೋತರು. ಕಾರು ನಿಲ್ಲಬೇಕಿದ್ದಲ್ಲಿ ಮಕ್ಕಳ ಆಟದ ತಾಣ ಬಂತು. ಸೇತುವೆ, ಹೆದ್ದಾರಿಗಳನ್ನು ಕಟ್ಟಿದ ಆ ಮನುಷ್ಯನ ಎದುರು ಇವರ ಕೈಯಲ್ಲಿದ್ದದ್ದು ತಳ್ಳುಗಾಡಿ ಮಾತ್ರ.

ಈಗಿನ ಚಿಂತೆ ನೆರಳಿನದು. ಬಂಡೆಯ ಮೇಲೆ ಕುಳಿತು ದಕ್ಷಿಣಕ್ಕೆ ತಿರುಗಿದರೆ 57ನೆಯ ಬೀದಿಯ ಸಪೂರ ಗೋಪುರಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಅತಿ ಎತ್ತರದ್ದು 472 ಮೀಟರ್. ಅವು ಪಾರ್ಕಿನ ಒಂದಡಿ ನೆಲವನ್ನೂ ತೆಗೆದುಕೊಂಡಿಲ್ಲ, ಆದರೆ ಬಿಸಿಲನ್ನು ತೆಗೆದುಕೊಳ್ಳುತ್ತವೆ. ಹೊತ್ತು ಕುಗ್ಗಿದ ತಿಂಗಳುಗಳಲ್ಲಿ ಅವುಗಳ ನೆರಳು ಪಾರ್ಕಿನೊಳಗೆ ಬಹುದೂರ ಚಾಚುತ್ತದೆಂದು ನಗರದ ಮುನಿಸಿಪಲ್ ಆರ್ಟ್ ಸೊಸೈಟಿ 2013ರಲ್ಲೇ ಎಚ್ಚರಿಸಿತ್ತು. ಲಕ್ಷಾಧೀಶರು ಮಹಡಿಯಿಂದ ಹಸಿರು ನೋಡಬೇಕೆಂದು ಕಟ್ಟಿದ ಮನೆಗಳು ಆ ಹಸಿರಿಗೇ ಬಿಸಿಲು ಮರೆಮಾಡುತ್ತಿರುವುದು ನೋಡಿ!

ನೀವು ಹೋಗುವುದಾದರೆ ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮಳೆ ಬಂದು ಹುಲ್ಲು ನೆನೆದಿದ್ದರೆ ಬಯಲು ಮುಚ್ಚಿರುತ್ತದೆ. ಮಕ್ಕಳಿದ್ದರೆ ತಿರುಗುಕುದುರೆಗೆ ಮೊದಲು ಕರೆದೊಯ್ಯಿರಿ, ಇಲ್ಲವಾದರೆ ಆಟ ನೋಡಲು ಬಿಡುವುದಿಲ್ಲ. ಚೀಟಿ ಹಿಡಿದವರು ಯಾರೆಂದು ಕೇಳಲು ಸಂಕೋಚ ಬೇಡ. ನಾನು ಹೋದಾಗ ಹದಿನೆಂಟೇ ಜನ ಸೇರಿದ್ದ ಒಂದು ಹೊತ್ತಿನಲ್ಲಿ ಆ ಹಿರಿಯರು ಬಂಡೆಯ ಕಡೆ ತಿರುಗಿ, ಇನ್ನಿಬ್ಬರು ಬೇಕು, ಯಾರು ಬರುತ್ತೀರಿ ಎಂದು ಕೂಗಿದ್ದರು. ಇಳಿದು ಹೋದವರ ಹೆಸರು ಕೇಳಿದರೇ ಹೊರತು, ಆಡಲು ಬರುತ್ತದೆಯೇ ಎಂದು ಕೇಳಲಿಲ್ಲ.